ಹೋಗ್ಲಿ ಬಿಡ್ರಿ

(ಬೆಳಗಾವಿಯ ಚರ್ಚೊಂದರ ಕುಟುಂಬ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಾಡಿದ್ದು ಪೂರ್ತಿ ನಮ್ಮ ಕಡೆಯ ಭಾಷೆಯಲ್ಲಿ. ಬರೆಯಲು ಕೂತಾಗ ಮೂವತ್ತು ವರ್ಷ ಸಾಲಿಯಲ್ಲಿ ಕನ್ನಡ ಕಲಿಸಿದ ಕೈ ಸುಮ್ಮನಿರಲಿಲ್ಲ. ಅರ್ಧಕ್ಕರ್ಧ ಪುಸ್ತಕದ ಕನ್ನಡವಾಗಿದೆ.)

ಎಲ್ಲರಿಗೂ ವಂದನೆ. ಇವತ್ತು ಬೆಳಿಗ್ಗೆ ಆರಾಧನೆಯಲ್ಲಿ ಮೂರು ಕೂಸುಗಳಿಗೆ ದೀಕ್ಷಾಸ್ನಾನ ಆಯಿತು. ಮೊದಲನೆಯದು ನಿದ್ದೆಯಲ್ಲೇ ಇತ್ತು, ತನಗೇನಾಯಿತು ಅಂತ ಅದಕ್ಕೆ ಇನ್ನೂ ಗೊತ್ತಿಲ್ಲ. ಎರಡನೆಯದು ಸಭಾಪಾಲಕರ ಕನ್ನಡಕ ಹಿಡಿದು ಎಳೆಯಿತು. ಮೂರನೆಯದು, ಹಣೆಗೆ ನೀರು ಬಿದ್ದದ್ದೇ ತಡ, ಕ್ಯಾಂಪಿನಿಂದ ಖಡೇಬಜಾರದ ತನಕ ಕೇಳುವ ಹಾಗೆ ಒದರಿತು. ನನ್ನ ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಅಜ್ಜಿ, "ಯವ್ವಾ, ಇದಕ್ಕ ಮೈಕ್ ಬ್ಯಾಡ ನೋಡ. ಮುಂದ ಪಾಸ್ಟರ್ ಆಕ್ಕೈತಿ" ಅಂದರು. ಅದು ಆಶೀರ್ವಾದವೋ ಚ್ಯಾಷ್ಟಿಯೋ ನನಗೆ ತಿಳಿಯಲಿಲ್ಲ. ಅಷ್ಟೊತ್ತಿಗೆ ನಮ್ಮ ಸಭೆಯ ಹಿರಿಯರೊಬ್ಬರು ಆ ಕೂಸಿನ ತಾಯಿಗೆ ಕೈಸನ್ನೆ ಮಾಡಿದರು, ಹೊರಗೆ ಒಯ್ಯಿ ಅಂತ. ಆ ಕೈಸನ್ನೆಯ ಕಡೆಗೆ ಆಮೇಲೆ ಬರುತ್ತೇನೆ.

ನನಗೆ ಕೊಟ್ಟ ವಿಷಯ "ಕ್ರೈಸ್ತ ಕುಟುಂಬದಲ್ಲಿ ಮಾತು". ಮಾತಿನ ಮೇಲೆ ಭಾಷಣ ಅಂದಕೂಡಲೇ ಎಲ್ಲರೂ ಯಾಕೋಬನ ಪತ್ರಿಕೆಯ ಮೂರನೇ ಅಧ್ಯಾಯ ತೆಗೆಯುತ್ತಾರೆ. ಕುದುರೆಗೆ ಕಡಿವಾಣ, ಹಡಗಿಗೆ ಚುಕ್ಕಾಣಿ, ಕಾಡಿಗೆ ಕಿಡಿ, ಮನುಷ್ಯನಿಗೆ ನಾಲಿಗೆ. ನಾನೂ ಮೊದಲು ಅದನ್ನೇ ಬರೆದುಕೊಂಡೆ. ಆಮೇಲೆ ವಿಚಾರ ಮಾಡಿದೆ, ನಾನು ಹುಟ್ಟಿದ್ದು ಗುಳೇದಗುಡ್ಡದ ನೇಕಾರರ ಮನೆಯಲ್ಲಿ, ಮದುವೆಯಾಗಿ ಬಂದದ್ದು ಬೆಳಗಾವಿಗೆ, ಹಡಗು ಕಂಡವಳಲ್ಲ. ನಾಲಿಗೆಯ ಪರಾಕ್ರಮ ನಾನು ಕಂಡದ್ದು ಬಾಣಂತಿ ಕೋಣೆಯಲ್ಲಿ. ಅಲ್ಲಿಂದಲೇ ಶುರು ಮಾಡೋಣ.

ಕೂಸು ನೋಡಲು ಬಂದವರು ಆಡುವ ಮಾತುಗಳನ್ನು ಯಾರಾದರೂ ಒಂದು ವಹಿಯಲ್ಲಿ ಬರೆದಿಡಬೇಕು. ಕೋಣೆ ಕತ್ತಲು, ಶೇಕದ ಹೊಗೆ, ಅಳವಿ ಪಾಯಸದ ವಾಸನೆ. ಕುಂಚಿಗಿಯೊಳಗೆ ಅಂಗೈ ಅಗಲದ ಒಂದು ಮುಖ. "ಅಪ್ಪನಂಗ ಐತಿ" ಅಂದರೆ ತಾಯಿ ಕಡೆಯವರ ಮುಖ ಸಣ್ಣದಾಗುತ್ತದೆ. "ದಪ್ಪ ಐತಿ" ಅನ್ನುವಂತಿಲ್ಲ, ದೃಷ್ಟಿ. "ಸೊರಗೇತಿ" ಅಂದರೆ ಬಾಣಂತನ ಮಾಡುವ ತವರಿಗೆ ಅವಮಾನ. ಬಣ್ಣದ ಪರೀಕ್ಷೆಗಂತೂ ನಮ್ಮಲ್ಲಿ ದೊಡ್ಡ ಶಾಸ್ತ್ರವೇ ಇದೆ: ಮುಖ ನೋಡಿ ಮೋಸ ಹೋಗಬಾರದು, ಕಿವಿಯ ತುದಿ ನೋಡಬೇಕು. "ಕಿವಿ ಕಪ್ಪ ಅದಾವ, ಮುಂದ ಬಣ್ಣ ಇಳೀತೈತಿ." ಎಂಟು ದಿನದ ಕೂಸು, ಅದರ ಕಿವಿಯ ಮೇಲೆ ತೀರ್ಪು ಬಂದಾಯಿತು. ನಾವು ದೃಷ್ಟಿ ಗಿಷ್ಟಿ ನಂಬುವವರಲ್ಲ, ಪ್ರಾರ್ಥನೆ ಮಾಡುವ ಜನ. ಆದರೂ ನಮ್ಮ ಕೂಸುಗಳ ಕೆನ್ನೆಯ ಮೇಲೆ ಕಾಡಿಗೆಯ ಬೊಟ್ಟು ಇರುತ್ತದೆ. ಕೇಳಿದರೆ, "ಚಂದ ಕಾಣತೈತಿ ಅಂತ ಹಚ್ಚೀವ್ರಿ."

ಇದು ನಿನ್ನೆ ಮೊನ್ನೆಯ ರೋಗವಲ್ಲ. ಲೂಕನ ಸುವಾರ್ತೆಯ ಮೊದಲ ಅಧ್ಯಾಯ ತೆಗೆದು ನೋಡಿ. ಮುದುಕ ಜಕರೀಯನಿಗೆ ದೇವದೂತ ಬಂದು ನಿನಗೆ ಮಗ ಹುಟ್ಟುತ್ತಾನೆ ಅನ್ನುತ್ತಾನೆ. ಜಕರೀಯ ನಂಬಲಿಲ್ಲ, ಮಾತು ನಿಂತುಹೋಯಿತು. ಇದನ್ನು ನಾವು ಶಿಕ್ಷೆ ಅಂತ ಓದುತ್ತೇವೆ. ನಮ್ಮ ಸ್ತ್ರೀಯರ ಸಂಘದಲ್ಲಿ ಇದನ್ನು ಓದಿದಾಗ ಒಬ್ಬಾಕೆ ಮೆಲ್ಲಗೆ, "ಎಲಿಸಬೇತಳಿಗೆ ಮಾತ್ರ ಇದು ವರ ಆತು. ಬಸಿರು ಒಂಬತ್ತು ತಿಂಗಳು, ಗಂಡ ಒಂದ ಮಾತ ಆಡಿಲ್ಲ" ಅಂದಳು. ಅವತ್ತು ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ನಗು ನಿಲ್ಲಲಿಲ್ಲ.

ಕೂಸು ಹುಟ್ಟಿ ಎಂಟನೇ ದಿನ ನೆರೆಯವರು, ಬಂಧುಬಳಗ ಎಲ್ಲ ಕೂಡಿದರು. ಹೆಸರು ಅವರೇ ನಿಶ್ಚಯ ಮಾಡಿಬಿಟ್ಟಿದ್ದರು, ಅಪ್ಪನ ಹೆಸರೇ ಜಕರೀಯ. ಅಲ್ಲ, ಯೋಹಾನ ಅಂತ ಇಡಬೇಕು ಅಂದಳು ತಾಯಿ. ನಿಮ್ಮ ವಂಶದಲ್ಲಿ ಯಾರಿಗೂ ಆ ಹೆಸರಿಲ್ಲವಲ್ಲ ಅಂತ ಅವರು ತಕರಾರು ತೆಗೆದರು. ಇದು ಯೂದಾಯದ ಗುಡ್ಡಸೀಮೆಯೋ, ನಮ್ಮ ಮನೆಯ ತೊಟ್ಟಿಲ ಕಾರ್ಯಕ್ರಮವೋ? ಹೆತ್ತವಳು ಹೇಳಿದ್ದು ಸಾಲದೆ ಅವರು ಅಪ್ಪನಿಗೆ ಕೈಸನ್ನೆ ಮಾಡಿ ಕೇಳುತ್ತಾರೆ. ಕನ್ನಡ ಟೀಚರ್ ಆಗಿ ಈ ಕೈಸನ್ನೆ ನನಗೆ ಬಹಳ ಸೇರುತ್ತದೆ. ಕಥೆ ಹೇಳುವ ಪ್ರಕಾರ ಹೋದದ್ದು ಅವನ ಬಾಯಿ. ಇವರು ಕಿವಿಯೂ ಹೋಯಿತೆಂದು ತಿಳಿದು ಕೈ ಬೀಸುತ್ತಾರೆ. ಮಾತು ಬಾರದವರ ಎದುರು ನಾವು ದನಿ ಎತ್ತರಿಸಿ ಮಾತಾಡುವುದಿಲ್ಲವೇ, ಹಾಗೆ. ಜಕರೀಯ ಒಂದು ಪಾಟಿ ತರಿಸಿಕೊಂಡು "ಇವನ ಹೆಸರು ಯೋಹಾನ" ಅಂತ ಬರೆದ. ಒಡನೆ ನಾಲಿಗೆ ಸಡಿಲಾಯಿತು. ಅಷ್ಟು ತಿಂಗಳ ಮೌನದ ಮೇಲೆ ಬಾಯಿ ತೆರೆದವನು ಮೊದಲು ಮಾಡಿದ್ದು ದೇವರ ಸ್ತೋತ್ರ. ಬಂಧುಗಳನ್ನು ಬೈಯಲಿಲ್ಲ. ನಾನಾಗಿದ್ದರೆ ಕ್ರಮ ಬೇರೆ ಇರುತ್ತಿತ್ತು.

ಈಗ ನನ್ನ ಸ್ವಂತ ಕಥೆ. ಇದರಲ್ಲಿ ಬರುವವರು ನನ್ನ ಅತ್ತೆಯ ತಂಗಿ, ನಾವು ಸಣ್ಣತ್ತಿ ಅಂತ ಕರೆಯುತ್ತೇವೆ. ಈ ಹೊತ್ತು ಇಲ್ಲೇ ಮೂರನೇ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾರೆ. ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ಏನಕ್ಕೆ ಅಪ್ಪಣೆ ಕೊಟ್ಟೆ ಅನ್ನುವುದು ಅವರಿಗೆ ಕೇಳಿಸಿತೋ ಇಲ್ಲವೋ, ಅದು ಬೇರೆ ಮಾತು.

ನನ್ನ ಎರಡನೇ ಮಗಳು ಹುಟ್ಟಿದ್ದು ತವರಿನಲ್ಲಿ, ಗುಳೇದಗುಡ್ಡದಲ್ಲಿ. 1851ರಲ್ಲಿ ಬಾಸೆಲ್ ಮಿಶನ್‌ನವರು ಠಾಣ್ಯ ಹೂಡಿದ ಊರು. ಹೊರಗಿನವರಿಗೆ ಗೊತ್ತಿರುವುದು ರವಕೆಯ ಖಣದಿಂದ. ಒಂಬತ್ತನೇ ದಿನ ಬೆಳಗಾವಿಯಿಂದ ಸಣ್ಣತ್ತಿ ಬಂದರು. ಕೈಯಲ್ಲಿ ಹೊಸ ಕುಂಚಿಗಿ, ಗೋಕಾಕದ ಕರದಂಟಿನ ಡಬ್ಬಿ. ಕೂಸಿನ ಮೇಲಿನ ಅರಿವೆ ಸರಿಸಿ ನೋಡಿದರು. "ಮತ್ತ ಹೆಣ್ಣಾ?" ಅಂದರು. ಆಮೇಲೆ ನನ್ನ ಮುಖ ನೋಡಿ, ಸಮಾಧಾನ ಮಾಡಬೇಕೆಂದೇ ಇರಬೇಕು, "ಹೋಗ್ಲಿ ಬಿಡ. ಕೈಕಾಲು ನೆಟ್ಟಗ ಅದಾವಲ್ಲ" ಅಂದರು.

"ಮತ್ತ ಹೆಣ್ಣಾ" ಅಂದದ್ದನ್ನು ನಾನು ನುಂಗಿಕೊಳ್ಳುತ್ತಿದ್ದೆ. ಊರೆಲ್ಲ ಅಂದಿತ್ತು. ನನ್ನನ್ನು ಚುಚ್ಚಿದ್ದು "ಹೋಗ್ಲಿ ಬಿಡ". ಅದನ್ನು ನಾವು ಯಾವಾಗ ಅನ್ನುತ್ತೇವೆ? ಹಾಲು ಉಕ್ಕಿದಾಗ, ಬಸ್ಸು ತಪ್ಪಿದಾಗ, ಗಾಜಿನ ಗ್ಲಾಸು ಕೈಜಾರಿದಾಗ. ನನ್ನ ಮಗಳು ಉಕ್ಕಿದ ಹಾಲೇ? ಯಾರ ತಪ್ಪಿಗೆ ಇವರು ಕ್ಷಮೆ ಕೊಡುತ್ತಿದ್ದಾರೆ? ಅವತ್ತು ನಾನು ಸಣ್ಣತ್ತಿಯ ಕೂಡ ಮಾತು ಬಿಟ್ಟೆ. ಇಪ್ಪತ್ತೆರಡು ವರ್ಷ.

ಮಾತು ಬಿಡುವುದು ಅಂದರೆ ನಮ್ಮ ಕಡೆ ಮೌನ ಅಲ್ಲ, ಅದೊಂದು ದೊಡ್ಡ ಕಾರಭಾರ. ಎದುರಿಗೇ ಕೂತವರಿಗೆ ಮಗುವಿನ ಮೂಲಕ ಸುದ್ದಿ ಕಳಿಸಬೇಕು. "ಪುಟ್ಟಿ, ಅವರಿಗೆ ಹೇಳು, ಚಾ ಆರಾಕತ್ತೈತಿ ಅಂತ." ಅವರು ಅದೇ ಪುಟ್ಟಿಗೆ, "ನಿಮ್ಮವ್ವಗ ಹೇಳು, ಸಕ್ಕರಿ ಕಮ್ಮಿ ಆಗೇತಿ ಅಂತ." ಮದುವೆಯಲ್ಲಿ ಒಂದೇ ಪಂಕ್ತಿಗೆ ಕೂಡದಂತೆ ನೋಡಿಕೊಳ್ಳಬೇಕು. ಚರ್ಚಿನಲ್ಲಿ ಅವರು ನನಗಿಂತ ಎರಡು ಬೆಂಚು ಮುಂದೆ. ಪ್ರತಿ ರವಿವಾರ ನನ್ನ ಕಣ್ಣೆದುರಿಗೆ ಅವರ ತುರುಬು. ಆ ತುರುಬು ಕರಿದಿದ್ದದ್ದು ಬೂದಿಯಾಯಿತು, ಬೂದಿ ಬೆಳ್ಳಗಾಯಿತು, ಲಿಂಬಿಹಣ್ಣಿನಷ್ಟಾಯಿತು. ಅದನ್ನೇ ನೋಡುತ್ತ ನಾನು ಕರ್ತನ ಪ್ರಾರ್ಥನೆ ಹೇಳಿದೆ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಅಂತ. ವರ್ಷಕ್ಕೆ 52 ರವಿವಾರ. 22 ವರ್ಷಕ್ಕೆ 1,144. ಶಿಷ್ಯ ಪೇತ್ರನು ಯೇಸುವಿಗೆ, ನನ್ನ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೋ ಅಂತ ಕೇಳಿದ. ಏಳೆಪ್ಪತ್ತು ಸಲ ಅಂತ ಉತ್ತರ ಬಂತು, ಅಂದರೆ 490. ನಾನು ಅದರ ಎರಡು ಪಟ್ಟಿಗೂ ಹೆಚ್ಚು ಸಲ ಬಾಯಿಂದ ಹೇಳಿದ್ದೆ. ಬಾಯಿ ಹೇಳುತ್ತಿತ್ತು, ಕಣ್ಣು ತುರುಬಿನ ಮೇಲಿತ್ತು.

ನನ್ನ ಗಂಡ ಮೊದಮೊದಲು ನಡುವೆ ಬಂದರು. "ಆಕಿ ಏನೋ ಅಂದ್ಲು, ನೀ ಏನೋ ಹಿಡ್ಕೊಂಡಿ" ಅನ್ನುತ್ತಿದ್ದರು. ಆಮೇಲೆ ಅವರೂ ಕೈಬಿಟ್ಟರು.

ಒಂದು ವಿಷಯ ನೀವು ಗಮನಿಸಿದ್ದೀರೋ ಇಲ್ಲವೋ. "ಕ್ಷಮಿಸು" ಅನ್ನುವ ಮಾತನ್ನು ನಮ್ಮ ಕಡೆ ಮನೆಯಲ್ಲಿ ಯಾರೂ ಆಡುವುದಿಲ್ಲ. ಅದು ಇರುವುದು ಪ್ರಾರ್ಥನೆಯಲ್ಲಿ, ಮತ್ತೆ ರಸ್ತೆ ಅಗೆದಲ್ಲಿ ನಿಲ್ಲಿಸಿದ ಫಲಕದಲ್ಲಿ. ಗಂಡ ಹೆಂಡತಿಗೆ "ನನ್ನನ್ನು ಕ್ಷಮಿಸು" ಅಂದರೆ ಆಕೆ ಹಣೆ ಮುಟ್ಟಿ ಜ್ವರ ನೋಡುತ್ತಾಳೆ. ಈಗಿನ ಹುಡುಗರಿಗೆ ಸಾರಿ ಇದೆ, ಅದು ಪ್ಯಾಂಟಿನ ಕಿಸೆಯಲ್ಲೇ ಇರುತ್ತದೆ. ನಮ್ಮದು "ಬಿಡ್ರಿ". "ಆತು ಬಿಡ್ರಿ", "ಹೋಗ್ಲಿ ಬಿಡ್ರಿ". ಬೆಳಗಾವಿಯ ಪಕ್ಕದ ಮನೆಯ ಮರಾಠಿ ಬಾಯಿ "ಜಾವೂ ದ್ಯಾ" ಅನ್ನುತ್ತಾಳೆ. ಗೋವೆ ಕಡೆಯಿಂದ ಬಂದ ಕೊಂಕಣಿಯವರು "ಸೊಡ್" ಅನ್ನುತ್ತಾರೆ. ಭಾಜಿ ಮಾರುವ ಚಾಚಾ "ಜಾನೇ ದೋ" ಅನ್ನುತ್ತಾರೆ. ಒಂದೇ ಓಣಿಯಲ್ಲಿ ನಾಲ್ಕು ಭಾಷೆ. ಗಡಿ ತಂಟೆ ಎಷ್ಟೇ ಇರಲಿ, ಕ್ಷಮಿಸುವಾಗ ಎಲ್ಲರೂ ಬಿಡುತ್ತಾರೆ.

ಇದು ಹಳ್ಳಿ ಮಾತು, ಬೈಬಲಿನ ಮಾತು ಬೇರೆ ತೂಕದ್ದು ಅಂತ ನಾನು ತಿಳಿದಿದ್ದೆ. ಗುಡ್ ಫ್ರೈಡೇಕ್ಕಿಂತ ಮುಂಚಿನ ವಾರಗಳಲ್ಲಿ ಮನೆ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದಲ್ಲ, ಹಾಗೆ ಒಂದು ವರ್ಷ ನಮ್ಮ ಮನೆಯಲ್ಲಿ ನಡೆದಾಗ, ಹೊಸದಾಗಿ ಓದಿ ಬಂದ ಹುಡುಗ ಪಾಸ್ಟರು ಒಂದು ಗ್ರೀಕ್ ಪದ ಹೇಳಿದರು: ಅಫಿಯೆಮಿ. ಸುವಾರ್ತೆಗಳಲ್ಲಿ ನಾವು "ಕ್ಷಮಿಸು" ಅಂತ ಓದುವ ಕಡೆ ಹೆಚ್ಚಾಗಿ ಇರುವುದು ಈ ಪದ. ಅದರ ಮೂಲ ಅರ್ಥ ಏನು ಅಂತ ಕೇಳಿದೆ. "ಬಿಡೋದು ಅಂತ್ರಿ, ಟೀಚರ್" ಅಂದರು. ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಹೊರಗೆ ಬಂದೆ.

ಆ ಪದ ಎಲ್ಲೆಲ್ಲಿ ಬರುತ್ತದೆ ನೋಡಿ. ಸೀಮೋನ, ಅಂದ್ರೆಯ ಇಬ್ಬರೂ ಬಲೆ ಬಿಟ್ಟು ಯೇಸುವಿನ ಹಿಂದೆ ಹೋದರು. ಅಲ್ಲಿ ಅದೇ ಪದ. ಸಮಾರ್ಯದ ಹೆಂಗಸು ಬಾವಿಯ ಹತ್ತಿರ ಕೊಡ ಬಿಟ್ಟು ಊರೊಳಗೆ ಓಡಿದಳು. ಅದೇ ಪದ. ಪೇತ್ರನ ಅತ್ತೆ ಜ್ವರದಲ್ಲಿ ಮಲಗಿದ್ದಾಗ ಯೇಸು ಕೈಹಿಡಿದು ಎಬ್ಬಿಸಿದ, ಜ್ವರ ಬಿಟ್ಟಿತು. ಅಲ್ಲೂ ಅದೇ! ನಾವೂ "ಜ್ವರ ಬಿಡ್ತು" ಅಂತಲೇ ಅನ್ನುವುದು. (ಜ್ವರ ಬಿಟ್ಟ ಕೂಡಲೇ ಆಕೆ ಎದ್ದು ಎಲ್ಲರಿಗೂ ಬಡಿಸಿದಳು ಅಂತ ಮಾರ್ಕ ಬರೆಯುತ್ತಾನೆ. ಇದನ್ನು ಓದಿದಾಗೆಲ್ಲ ನನಗೆ ಅಳಿಯನ ಮೇಲೆ ಸ್ವಲ್ಪ ಸಿಟ್ಟು.) ಶಿಲುಬೆಯ ಮೇಲೆ, ತಂದೆಯೇ ಇವರನ್ನು ಕ್ಷಮಿಸು ಅಂದದ್ದೂ ಅದೇ ಪದ. ಮತ್ತೆ ನಾನು ಬೆರಗಾದದ್ದು ಇಲ್ಲಿ: ಜನ ತಮ್ಮ ಮಕ್ಕಳನ್ನು ಯೇಸುವಿನ ಹತ್ತಿರ ತಂದರು. ಲೂಕನಂತೂ ಎಳೆಗೂಸುಗಳು ಅಂತಲೇ ಬರೆಯುತ್ತಾನೆ. ಶಿಷ್ಯರು ಗದರಿಸಿದರು. ಅದೇ ಹಿರಿಯರ ಕೈಸನ್ನೆ, ಹೊರಗೆ ಒಯ್ಯಿರಿ! ಯೇಸು ಸಿಟ್ಟಾಗಿ, ಬಿಡಿ, ಮಕ್ಕಳು ಬರಲಿ ಅಂದ. ಆ "ಬಿಡಿ"ಯೂ ಅಫಿಯೆಮಿಯೇ. ತಪ್ಪು ಬಿಡುವುದಕ್ಕೂ ಕೂಸನ್ನು ಒಳಗೆ ಬಿಡುವುದಕ್ಕೂ ಒಂದೇ ಪದ. ನಮ್ಮ ಕನ್ನಡದಲ್ಲಿ ಇದಕ್ಕೆ ನಿಘಂಟು ತೆಗೆಯುವ ಜರೂರಿಯೇ ಇಲ್ಲ.

ಮತ್ತಾಯನ ಸುವಾರ್ತೆಯ ಕರ್ತನ ಪ್ರಾರ್ಥನೆಯಲ್ಲಿ ಮೂಲದಲ್ಲಿರುವುದು ತಪ್ಪು ಅಲ್ಲ, ಸಾಲ. ನಮ್ಮ ಸಾಲ ಬಿಡು, ನಾವು ಬಿಟ್ಟ ಹಾಗೆ. ಸಾಲ ಅಂದರೆ ನನಗೆ ನಮ್ಮ ಓಣಿಯ ಕಿರಾಣಿ ಅಂಗಡಿಯ ಉದ್ರಿ ವಹಿ ನೆನಪಾಗುತ್ತದೆ. ಉದ್ದನೆಯ ಕೆಂಪು ರಟ್ಟಿನ ವಹಿ, ಮೊಳೆಗೆ ದಾರದಿಂದ ಕಟ್ಟಿದ ಪೆನ್ಸಿಲು. ಮಗ್ಗ ನಿಂತ ತಿಂಗಳು ಅಪ್ಪನ ಹೆಸರಿನ ಹಾಳೆ ತುಂಬುತ್ತಿತ್ತು, ಖಣ ಮಾರಿದಾಗ ಅಡ್ಡಗೆರೆ ಬೀಳುತ್ತಿತ್ತು. ಯೇಸು ಹೇಳಿದ ಸಾಮತಿಯಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ಒಬ್ಬ ಸೇವಕನಿಗೆ ಅರಸನ ಹತ್ತು ಸಾವಿರ ತಲಾಂತು ಸಾಲ. ಒಂದು ತಲಾಂತು ಅಂದರೆ 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಒಟ್ಟು ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ. ಅರಸ ಅಷ್ಟನ್ನೂ ಬಿಟ್ಟ. ಆ ಮಹಾರಾಯ ಹೊರಗೆ ಬಂದು, ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ. ನೂರು ದಿನಾರಿಯೂ ಸಣ್ಣದಲ್ಲ, ಮೂರು ತಿಂಗಳ ಮೇಲಿನ ಕೂಲಿ. ಅದನ್ನು ಕಳಕೊಂಡರೆ ನೇಕಾರನ ಮನೆಯ ಒಲೆ ಆರುತ್ತದೆ. ಹಾಗಾಗಿ "ಅದೇನ ಮಹಾ, ಬಿಟ್ಟುಬಿಡ" ಅಂತ ಹೊರಗಿನವರು ಹೇಳುವುದು ನನಗೆ ಸೇರುವುದಿಲ್ಲ. ನನ್ನ ನೂರು ದಿನಾರಿ ನನಗೆ ನಿಜವಾಗಿಯೂ ಬರಬೇಕಿತ್ತು.

ಗ್ರೀಕ್ ಕೇಳಿದ್ದರಿಂದ ನನ್ನ ಸಿಟ್ಟು ಹೋಯಿತು ಅಂತ ತಿಳಿಯಬೇಡಿ. ಜೋಳದ ರೊಟ್ಟಿ ಮಾಡುವವರಿಗೆ ಗೊತ್ತು. ಬಡಿದ ರೊಟ್ಟಿ ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಆ ನೀರು ಆರುವ ತನಕ ಕೈ ತಡೆಯಬೇಕು. ಅವಸರ ಮಾಡಿ ಎಬ್ಬಿಸಿದರೆ ನಡುವೆ ಹರಿಯುತ್ತದೆ. ಕಾವು ಹತ್ತಿದ ಮೇಲೆ ತಾನಾಗಿ ಅಂಚು ಎತ್ತುತ್ತದೆ, ಹಂಚು ಬಿಡುತ್ತದೆ. ನನ್ನನ್ನು ಎಬ್ಬಿಸಲು ಬಂದವರೆಲ್ಲ ನೀರು ಆರುವ ಮೊದಲೇ ಬಂದಿದ್ದರು.

ಈ ಪೇತ್ರನ ವಿಷಯ ಒಂದಿಷ್ಟು ಹೇಳಬೇಕು. ಬೆಂಗಳೂರಿಗೆ ಹೋಗಿ ಎರಡು ಮಾತಾಡಿದರೆ ಸಾಕು, "ನೀವು ಬೆಳಗಾವಿ ಕಡೆಯವರಾ?" ಅನ್ನುತ್ತಾರಲ್ಲ, ಅವನಿಗೂ ಅದೇ ಆಯಿತು. ಯೇಸುವನ್ನು ಹಿಡಿದೊಯ್ದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತ ನಿಂತು, ಯೇಸು ಯಾರೋ ನನಗೆ ಗೊತ್ತಿಲ್ಲ ಅಂದ. ನಿನ್ನ ಮಾತೇ ಹೇಳುತ್ತದೆ, ನೀನು ಅವರವನೇ ಅಂದರು ಜನ. ಗಲಿಲಾಯದ ಧಾಟಿ. ಆಣೆ ಇಟ್ಟು ಸುಳ್ಳು ಹೇಳಿದರೂ ಆ ಸುಳ್ಳೂ ಊರ ಧಾಟಿಯಲ್ಲೇ ಬಂದಿರಬೇಕು, ಪಾಪ. ಆ ಅಂಗಳದ ಬೆಂಕಿಗೆ ಸುವಾರ್ತೆ ಬರೆದ ಯೋಹಾನ ಬಳಸಿದ ಪದ ಇದ್ದಿಲ ಕೆಂಡ. ಆ ಪದ ಅವನ ಸುವಾರ್ತೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ: ಸತ್ತು ಎದ್ದುಬಂದ ಯೇಸು ದಂಡೆಯ ಮೇಲೆ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕೂತ ಬೆಳಗಿನಲ್ಲಿ. ಅಲ್ಲಿ ಪೇತ್ರನಿಗೆ "ನಿನ್ನನ್ನು ಕ್ಷಮಿಸಿದ್ದೇನೆ" ಅನ್ನುವ ಮಾತು ಎಲ್ಲೂ ಇಲ್ಲ. ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿದ್ದು ಉಂಡ ಮೇಲೆ. ಮೊದಲು ಕರೆದದ್ದು ಊಟಕ್ಕೆ. ನಮ್ಮ ಭಾಷೆಯಲ್ಲಿ, "ಬರ್ರಿ, ನಾಷ್ಟಾ ಮಾಡ್ರಿ."

ನನ್ನ ನಾಲಿಗೆಯ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ನಿವೃತ್ತಿಯಾದ ವರ್ಷ ರವಕೆ ಹೊಲಿಸಲು ಒಂದು ಅಂಗಡಿಗೆ ಹೋದೆ. ಟೇಲರ್ ಎದ್ದು ನಿಂತು, "ಟೀಚರ, ಗುರ್ತ ಸಿಕ್ತೇನ್ರಿ? ನಾನ್ರಿ, ಸಗಣಿ ತಲಿಯಾಂವ" ಅಂದ. ಐದನೇ ಇಯತ್ತೆಯಲ್ಲಿ ನಾನೇ ಅಂದಿದ್ದೆನಂತೆ, ತಲ್ಯಾಗ ಸಗಣಿ ತುಂಬೇತೇನು ಅಂತ. ನನಗೆ ಒಂದಿಷ್ಟೂ ನೆನಪಿಲ್ಲ. ಅವನು ತಾರೀಖು ಬಿಟ್ಟು ಉಳಿದದ್ದೆಲ್ಲ ಹೇಳಿದ, ಅವತ್ತು ಹಲಗೆಯ ಮೇಲೆ ಯಾವ ಸಂಧಿ ಬರೆದಿತ್ತು ಅನ್ನುವುದನ್ನು ಸಹ. ಆಡಿದ ಪ್ರತಿ ವ್ಯರ್ಥ ಮಾತಿಗೂ ನ್ಯಾಯತೀರ್ಪಿನ ದಿನ ಲೆಕ್ಕ ಕೊಡಬೇಕು ಅಂತ ಯೇಸು ಹೇಳಿದ್ದು ಇದೆಯಲ್ಲ, ನನಗೆ ಆ ದಿನ ಸ್ವಲ್ಪ ಮುಂಚೆಯೇ ಬಂತು. "ಬಿಡ್ರಿ ಟೀಚರ, ಉಗ್ಗಾಕತ್ತೀರಿ" ಅಂತ ಅವನೇ ಚಾ ತರಿಸಿದ. ರವಕೆ ಮಾತ್ರ ತೋಳು ಬಿಗಿ ಹೊಲಿದಿದ್ದ.

ಆಮೇಲೆ ನನ್ನ ಹಿರಿಯ ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಹೆಣ್ಣು ಕೂಸು. ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್‍ರ್ ಅಂತ ಹೆಸರು ಕರೆಯುವಾಗ ಹಿಂದಿನಿಂದ ಹೆಂಗಸರು ಆಕೆಯ ಬೆನ್ನಿಗೆ ಗುದ್ದುವ ಗದ್ದಲ ನಡೆದಿತ್ತು. ನನ್ನ ಗಂಡ ಹೇಳದೇ ಕೇಳದೇ ಹೋಗಿ ಸಣ್ಣತ್ತಿಯನ್ನು ಕರಕೊಂಡು ಬಂದುಬಿಟ್ಟಿದ್ದರು. ಕೋಲೂರಿಕೊಂಡು ಬಾಗಿಲಲ್ಲಿ ನಿಂತರು. ಎಲ್ಲ ಗುದ್ದು ನಿಂತವು. ತೊಟ್ಟಿಲ ಹತ್ತಿರ ಬಂದರು, ಬಗ್ಗಿದರು, ಅರಿವೆ ಸರಿಸಿದರು.

"ಮತ್ತ ಹೆಣ್ಣಾ?"

ಮನೆಯವರೆಲ್ಲ ನನ್ನನ್ನು ನೋಡಿದರು. ನನ್ನ ಎರಡನೇ ಮಗಳು, ಆ ಒಂಬತ್ತು ದಿನದ ಕೂಸು, ಇಪ್ಪತ್ತೆರಡು ವರ್ಷದವಳಾಗಿ ಅಲ್ಲೇ ಅಳವಿ ಉಂಡಿ ತಿನ್ನುತ್ತ ನಿಂತಿದ್ದಳು. ಮೊದಲು ನಕ್ಕವಳು ಅವಳೇ. ನನಗೂ ತಡೆಯಲಿಕ್ಕೆ ಆಗಲಿಲ್ಲ. ಇಷ್ಟು ವರ್ಷ ಎರಡು ಬೆಂಚು ಹಿಂದೆ ಕೂತು ನಾನು ಹೊತ್ತದ್ದನ್ನು ಈ ಮುದುಕಿ ಒಂದಕ್ಷರ ತಿದ್ದದೆ ತಂದು ಮತ್ತೆ ಮುಂದೆ ಇಟ್ಟಿತ್ತು. ಹೊಟ್ಟೆ ಹಿಡಿದು ನಕ್ಕೆ. "ಹೂಂ ರೀ ಸಣ್ಣತ್ತಿ, ಮತ್ತ ಹೆಣ್ಣು. ಕೋಲ ಬಿಡ್ರಿ, ಕೂಸ ಹಿಡ್ಕೋರಿ" ಅಂತ ತೊಡೆಯ ಮೇಲೆ ಹಾಕಿದೆ.

ಹಾಕಿ ಒಂದು ನಿಮಿಷ ಆಗಿಲ್ಲ, ಕೂಸು ಬೆಚ್ಚಗೆ ಧಾರಿ ಬಿಟ್ಟಿತು. ಹೊಸ ಸೀರೆ. ಸಣ್ಣತ್ತಿ ಅಲುಗಾಡಲಿಲ್ಲ. "ಇರ್ಲಿ ತಗೋ, ಎರಡನೇ ಸಲ ದೀಕ್ಷಾಸ್ನಾನ ಆತು ನಂದು" ಅಂದರು.

ಒಳಗೆ ಕರಕೊಂಡು ಹೋಗಿ ಸೀರೆ ಬಿಚ್ಚಿಸುವಾಗ ಕೇಳಿಯೇಬಿಟ್ಟೆ. ಅವತ್ತು ಗುಳೇದಗುಡ್ಡದಲ್ಲಿ ಹೀಗೆ ಅಂದಿದ್ರಲ್ಲ, ನೆನಪೈತೇನು? ಅವರು ಕಣ್ಣು ಸಣ್ಣ ಮಾಡಿ ನನ್ನನ್ನು ನೋಡಿದರು. "ನಾನ? ಏನಂದಿದ್ದೆ? ನೀ ಯಾಕ ಮಾತ ಬಿಟ್ಟಿ ಅಂತ ನನಗ ಇವತ್ತಿಗೂ ತಿಳಿದಿಲ್ಲ. ಕರದಂಟಿನ ಡಬ್ಬಿ ಸಣ್ಣದಾತು ಅಂತ ಸಿಟ್ಟಾಗೀದಿ ಅಂತ ತಿಳ್ಕೊಂಡಿದ್ದೆ."

ಉಡಲಿಕ್ಕೆ ನನ್ನದೊಂದು ಸೀರೆ ಕೊಟ್ಟೆ. ಹಸಿರು ಇಳಕಲ್, ಟೋಪತೆನಿ ಸೆರಗಿನದು, ನಾನು ಎರಡೇ ಸಲ ಉಟ್ಟದ್ದು. ಮರಳಿ ಬಂದಿಲ್ಲ, ನಾನೂ ಕೇಳಿಲ್ಲ. ಹಿಂದೆ ಕೂತವರು ಸ್ವಲ್ಪ ಎದ್ದು ನೋಡಿದರೆ ಕಾಣುತ್ತದೆ, ಮೂರನೇ ಸಾಲು, ಫ್ಯಾನಿನ ಕೆಳಗೆ.